ಜೀಪು ಬಂದರೆ ಸೊಲ್ಲೆತ್ತಬಾರದು

ನನ್ನ ಮಗಳಿಗೆ ಬುದ್ಧಿ ಬೆಳೆದಿಲ್ಲ ಅಂತ ಬರೆದ ಕೈ ಸೇದಿಹೋಗಲಿ. ಬರೆಸಿದವನ ಬಾಯಿಗೆ ಮಣ್ಣು ಬೀಳಲಿ. ಹೀಗೆ ಶಾಪ ಹಾಕುತ್ತಾ ಮಾತು ಶುರು ಮಾಡಬಾರದು ಅಂತ ನನ್ನ ಗಂಡ ಹೇಳುತ್ತಾನೆ. ಅವನು ಹೇಳಿದ್ದನ್ನು ಇಷ್ಟು ವರ್ಷ ಕೇಳಿದ್ದಾಯಿತು. ಇನ್ನು ಕೇಳುವುದಿಲ್ಲ.

ನನ್ನ ಹೆಸರು ಮಂಗಳಮ್ಮ. ರಾವಂದೂರು ಕಡೆಯ ಹೊಲಗೇರಿಯವಳು. ಗಂಡ ಕೆಂಪಯ್ಯ. ಇಬ್ಬರದೂ ಶುಂಠಿ ಕೆಲಸ. ಇರುವುದು ಒಬ್ಬಳೇ ಮಗಳು, ಚಿನ್ನು. ಆರು ವರ್ಷ ತುಂಬಿದೆ. ಶುಂಠಿ ಹೊಲದ ಶೆಡ್ಡಿನಲ್ಲೇ ಹುಟ್ಟಿದಳು, ಅಲ್ಲೇ ಅಂಬೆಗಾಲಿಟ್ಟಳು, ಅಲ್ಲೇ ಮಾತು ಕಲಿತಳು.

ಶುಂಠಿ ಕೆಲಸ ಅಂದರೆ ಏನು ಅಂತ ಟೀಗೆ ಶುಂಠಿ ಜಜ್ಜಿ ಹಾಕಿಕೊಂಡು ಕುಡಿಯುವವರಿಗೆ ಗೊತ್ತಿರುವುದಿಲ್ಲ. ಬೀಜದ ಶುಂಠಿ ಮುರಿಯಬೇಕು. ಔಷಧಿ ನೀರಿನಲ್ಲಿ ಅದ್ದಬೇಕು. ಪಾತಿ ಮಾಡಿ ನೆಡಬೇಕು, ಹುಲ್ಲು ಮುಚ್ಚಬೇಕು, ಮಳೆಯಲ್ಲಿ ನೆನೆಯುತ್ತಾ ಕಳೆ ಕೀಳಬೇಕು. ಕೊನೆಗೆ ಗಡ್ಡೆ ಕಿತ್ತು ಮಣ್ಣು ಉದುರಿಸಿ ಚೀಲ ತುಂಬಬೇಕು. ಬಗ್ಗಿದ ಸೊಂಟ ಬಗ್ಗಿದ ಹಾಗೇ. ಔಷಧಿ ನೀರಿಗೆ ಬೆರಳ ಸಂದಿಯ ಚರ್ಮ ಸುಲಿಯುತ್ತದೆ, ಅದಕ್ಕೆ ಶುಂಠಿಯ ರಸ ತಾಗಿದರೆ ಪ್ರಾಣ ಹೋದ ಹಾಗಾಗುತ್ತದೆ. ರೇಷನ್ ಅಂಗಡಿಯ ಮಿಷನ್ನು ನನ್ನ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಗೆರೆಗಳೆಲ್ಲ ಸವೆದುಹೋಗಿವೆ.

ಒಂದು ನೆಲದಲ್ಲಿ ಶುಂಠಿ ಬೆಳೆದರೆ ಮಾರನೆಯ ವರ್ಷ ಅದೇ ನೆಲಕ್ಕೆ ಹಾಕುವುದಿಲ್ಲ. ರೋಗ ಹಿಡಿಯುತ್ತದೆ. ಹಾಗಾಗಿ ಬೆಳೆಯುವವರು ಪ್ರತಿ ವರ್ಷ ಹೊಸ ಹೊಲ ಹುಡುಕುತ್ತಾರೆ. ಅವರ ಹಿಂದೆ ನಾವು ಟಾರ್ಪಾಲು, ಪಾತ್ರೆ, ಮಗು ಹೊತ್ತುಕೊಂಡು ಹೋಗುತ್ತೇವೆ. ಕೋಟೆ ಕಡೆ ಇದ್ದೆವು. ಗುರುಪುರದ ಹತ್ತಿರ ಇದ್ದೆವು. ಈ ಸಲ ಹಾರನಹಳ್ಳಿ ಹೋಬಳಿಯ ಒಂದು ಊರಿಗೆ ಬಂದೆವು. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ನಮ್ಮವರು ಇನ್ನೂ ಕೆಲಸದಲ್ಲಿದ್ದಾರೆ.

ಈ ಎಲ್ಲ ಹೊಲಗಳನ್ನೂ ಮಾಡಿಸುತ್ತಿದ್ದವನು ಶಿವನಂಜಪ್ಪ. ಯಜಮಾನ್ರು ಅಂತ ಕರೆದು ಅಭ್ಯಾಸ, ಇಲ್ಲಿ ಕರೆಯುವುದಿಲ್ಲ. ಕೇರಳದವನೊಬ್ಬನ ಜೊತೆ ಪಾಲಿನಲ್ಲಿ ಶುಂಠಿ ಹಾಕಿಸುತ್ತಾನೆ. ಈ ಸಲದ ಹೊಲ ಅವನ ಸ್ವಂತದ್ದು, ಅವನ ಊರಿನದ್ದೇ. ಊರಿನ ಸ್ಕೂಲಿನ ಸಮಿತಿಗೆ ಅವನೇ ಅಧ್ಯಕ್ಷ.

ನಮ್ಮ ಶೆಡ್ಡುಗಳ ಸಾಲಿನಲ್ಲಿ ಎಲ್ಲ ದೇಶದವರೂ ಇರುತ್ತಾರೆ. ಅಡುಗೆ ಮಾಡುವ ಅಮ್ಮಿಣಿ ಚೇಚಿ ವಯನಾಡಿನವಳು, ಚೇಚಿ ಅಂದರೆ ಅವರ ಮಾತಿನಲ್ಲಿ ಅಕ್ಕ. ಚೀಲ ಹೊರುವ ಹುಡುಗರು ಜಾರ್ಖಂಡಿನವರು. ನಾವು ಇಲ್ಲಿಯವರು. ನಾನು ಪಾತಿಗೆ ಹೋದರೆ ಚಿನ್ನು ಚೇಚಿಯ ಒಲೆಯ ಮುಂದೆ ಇರುತ್ತಿದ್ದಳು, ಚೇಚಿ ನೀರಿಗೆ ಹೋದರೆ ಆ ಹುಡುಗರ ಹಿಂದೆ ಓಡುತ್ತಿದ್ದಳು. ಬಾಯಾರಿದರೆ ಚೇಚಿಯ ಹತ್ತಿರ ವೆಳ್ಳಂ ಅಂತ ಕೇಳುತ್ತಿದ್ದಳು, ಹುಡುಗರ ಹತ್ತಿರ ಪಾನಿ, ನನ್ನ ಹತ್ತಿರ ನೀರು. ಒಂದು ದಿನವೂ ಅದಲುಬದಲು ಮಾಡಿದವಳಲ್ಲ. ಹೊಸಬರು ಶೆಡ್ಡಿಗೆ ಬಂದರೆ ಮೊದಲು ಅವರ ಬಾಯಿ ನೋಡುತ್ತಾ ನಿಲ್ಲುತ್ತಿದ್ದಳು, ಆಮೇಲೆ ಅವರ ಮಾತಿನಲ್ಲೇ ಮಾತಾಡಿಸುತ್ತಿದ್ದಳು. ಅವಳ ಬಾಯಿ ಮುಚ್ಚಿಸಲು ಆಗದೆ ಚೇಚಿ ಎಷ್ಟೋ ಸಲ ಹಪ್ಪಳ ಕೊಟ್ಟು ಕೂರಿಸಿದ್ದಾಳೆ.

ಆದರೆ ಜೀಪು ಬಂದರೆ ಅವಳು ಉಸಿರು ಎತ್ತುತ್ತಿರಲಿಲ್ಲ.

ಇದನ್ನು ಸರಿಯಾಗಿ ಹೇಳಬೇಕು. ಗುರುಪುರದ ಹತ್ತಿರ ಇದ್ದಾಗ ಪಕ್ಕದ ಹೊಲಕ್ಕೆ ಆಫೀಸರುಗಳು ಬಂದರು. ಹೊಲದಲ್ಲಿ ಮಕ್ಕಳು ಕೆಲಸ ಮಾಡುತ್ತಾರೋ ಅಂತ ನೋಡುವವರು. ಅಲ್ಲಿ ಮೂರು ಮಕ್ಕಳು ಶುಂಠಿಯ ಮಣ್ಣು ಉದುರಿಸುತ್ತಾ ಕೂತಿದ್ದವು. ತಾಯಿ ಕೆಲಸ ಮಾಡುವ ಕಡೆ ಮಗು ಸುಮ್ಮನೆ ಕೂರುತ್ತದೆಯೇ, ಅದೂ ಕೈ ಹಾಕುತ್ತದೆ. ಮೂರನ್ನೂ ಜೀಪಿಗೆ ಹತ್ತಿಸಿಕೊಂಡು ಹೋಗಿ ಮೈಸೂರಿನ ಯಾವುದೋ ಹಾಸ್ಟೆಲಿಗೆ ಹಾಕಿದರು. ಆ ತಾಯಂದಿರು ಕಚೇರಿಯಿಂದ ಕಚೇರಿಗೆ ಅಲೆದು ಅತ್ತ ಅಳು ಇನ್ನೂ ನನ್ನ ಕಿವಿಯಲ್ಲಿದೆ. ಹೊಲದ ಯಜಮಾನನ ಮೇಲೆ ಕೇಸೂ ಆಯಿತು.

ಕೇಸು ಅಂದ ಕೂಡಲೇ ಶಿವನಂಜಪ್ಪನಿಗೆ ನಡುಕ ಹುಟ್ಟಿತು. ಅವತ್ತೇ ಬಂದು ಎಲ್ಲರನ್ನೂ ನಿಲ್ಲಿಸಿಕೊಂಡ.

"ನೋಡ್ರಲಾ, ಜೀಪು ಬಂದ್ರೆ ನನ್ ವಲ್ದಲ್ಲಿ ಒಂದು ಮಗೀನ ಸದ್ದೂ ಕೇಳ್ಬಾರ್ದು. ಮಕ್ಳು ಸಿಕ್ಕುದ್ರೆ ನಿಮ್ಮನ್ನೂ ಓಡುಸ್ತೀನಿ. ಅವ್ರು ಕರ್ಕಂಡೋದ್ರೆ ಬುಡ್ಸಕೆ ನಾನು ಬರಕಿಲ್ಲ."

ಓಡಿಸುವುದು ಅಂದರೆ ಕೆಲಸವೂ ಹೋಯಿತು, ಶೆಡ್ಡೂ ಹೋಯಿತು.

ಆಮೇಲೆ ಪಾಠ ಶುರುವಾಯಿತು. ಪಾಠ ಅಂದರೆ ಪಾಠವೇ, ಸ್ಕೂಲಿನಲ್ಲಿ ಕಲಿಸುವ ಹಾಗೆ. ಜೀಪಿನ ಸದ್ದು ಕೇಳಿದ ಕೂಡಲೇ ಮಕ್ಕಳು ಗೊಬ್ಬರದ ಚೀಲಗಳ ಹಿಂದೆ, ಟಾರ್ಪಾಲಿನ ಅಡಿಗೆ ಹೋಗಬೇಕು. ಅಲ್ಲಾಡಬಾರದು. ಕೆಮ್ಮಬಾರದು. ಸಿಕ್ಕಿಬಿದ್ದರೂ ಬಾಯಿ ಬಿಡಬಾರದು. ಕತ್ತಿಗೆ ಕಾರ್ಡು ಹಾಕಿಕೊಂಡವರು, ಕೈಯಲ್ಲಿ ಪೆನ್ನು ಹಿಡಿದವರು ಹೆಸರು ಕೇಳಿದರೆ ಹೇಳಬಾರದು. ಅಪ್ಪನ ಹೆಸರು, ಊರಿನ ಹೆಸರು ಯಾವುದೂ ಹೇಳಬಾರದು. ಹೆಸರು ಹಿಡಿದು ಕರೆದರೆ ತಿರುಗಬಾರದು. ಶಿವನಂಜಪ್ಪನೇ ಪರೀಕ್ಷೆ ಮಾಡುತ್ತಿದ್ದ. ಟಾರ್ಪಾಲಿನ ಪಕ್ಕದಲ್ಲಿ ನಿಂತು ದೊಣ್ಣೆಯಿಂದ ಖಾಲಿ ಡ್ರಮ್ಮಿಗೆ ದಢಾರಂತ ಬಡಿಯುತ್ತಿದ್ದ. ಬೆಚ್ಚಿದ ಮಗುವಿನ ಕಾಲಿಗೆ ಅದೇ ದೊಣ್ಣೆ. ಬೆಚ್ಚದ ಮಗುವಿಗೆ ಬಿಸ್ಕತ್ತು ಪೊಟ್ಟಣ.

ಬಿಸ್ಕತ್ತು ಯಾವಾಗಲೂ ನನ್ನ ಚಿನ್ನುವಿಗೇ ಸಿಗುತ್ತಿತ್ತು.

"ಏ ಮಂಗ್ಳಿ, ನಿನ್ ಮಗ್ಳು ಬಲೇ ಚುರುಕು ಕಣಮ್ಮಿ. ಒಂದ್ಸಲ ಏಳ್ಕೊಟ್ರೆ ಸಾಕು," ಅಂತ ಅವನು ಅಂದಿದ್ದ. ನಾಲ್ಕು ಜನರ ಮುಂದೆ ಅಂದಿದ್ದ. ನಾನು ಹಿಗ್ಗಿದ್ದೆ. ಹಿಗ್ಗದೆ ಏನು ಮಾಡಲಿ? ಬಾಯಿ ಮುಚ್ಚಿಕೊಂಡಿದ್ದರೆ ಮಗಳು ನನ್ನ ಮಗ್ಗುಲಲ್ಲಿ ಮಲಗುತ್ತಾಳೆ, ಬಾಯಿ ಬಿಟ್ಟರೆ ಮೈಸೂರಿಗೆ ಹೋಗುತ್ತಾಳೆ. ನೀವಾದರೂ ಇನ್ನೇನು ಕಲಿಸುತ್ತಿದ್ದಿರಿ?

ಈ ಊರಿಗೆ ಬಂದ ಮೇಲೆ ಅವಳನ್ನು ಒಂದನೇ ಕ್ಲಾಸಿಗೆ ಸೇರಿಸಿದೆ. ಕೆಂಪಯ್ಯ ಬೇಡ ಅಂದ. ಮುಂದಿನ ವರ್ಷ ಎಲ್ಲಿರುತ್ತೇವೋ ಏನೋ ಅಂದ. ನಾನು ಜಗಳ ಮಾಡಿ ಸೇರಿಸಿದೆ. ನನ್ನ ಮಗಳು ಶುಂಠಿ ಮುಟ್ಟಬಾರದು. ಅವಳ ಹೆಬ್ಬೆಟ್ಟಿನಲ್ಲಿ ಗೆರೆ ಇರಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ, ಬೇರೆ ಯಾವ ಆಸೆಯೂ ಇರಲಿಲ್ಲ.

ಮೊದಲನೆಯ ದಿನ ಮೇಷ್ಟ್ರು ರೇಣುಕಾಪ್ರಸಾದ್ ಏನೋ ಕೇಳಿದ್ದಕ್ಕೆ ಅವಳು "ಔದು" ಅಂದಳಂತೆ. ಮಕ್ಕಳೆಲ್ಲ ನಕ್ಕವಂತೆ. ಮೇಷ್ಟ್ರೂ ನಕ್ಕು, ಸರಿಯಾಗಿ ಹೇಳು, ಇನ್ನೊಂದು ಸಲ ಹೇಳು ಅಂತ ನಿಲ್ಲಿಸಿ ಹೇಳಿಸಿದರಂತೆ. ಚೇಚಿಯ ಮಾತು ಒಂದು ಬಾಯಿಗೆ ಬಂದಾಗ, ಇದೇನು ಮಲೆಯಾಳಿ ಮಾಂತ್ರಿಕಳೋ ಅಂದರಂತೆ. ಅವತ್ತಿನಿಂದ ಸ್ಕೂಲಿನಲ್ಲಿ ಇವಳ ಬಾಯಿ ಮುಚ್ಚಿತು. ಮೇಷ್ಟ್ರು ಹೇಳಿ ಕಳಿಸಿದರು, "ನಿಮ್ಮ ಮಗಳು ಮಾತೇ ಆಡಲ್ಲ. ಮೇಲಿನವರು ಬಂದು ಮಕ್ಕಳ ಓದು ನೋಡ್ತಾರೆ, ಇವಳೊಬ್ಬಳಿಂದ ಸ್ಕೂಲಿನ ಹೆಸರು ಕೆಡ್ತದೆ. ಪರೀಕ್ಷೆ ಮಾಡೋವ್ರು ಬರ್ತಾರೆ, ಅಪ್ಪ ಅಮ್ಮ ಇಬ್ಬರೂ ಬರಬೇಕು."

ಅರ್ಧ ದಿನದ ಕೂಲಿ ಬಿಟ್ಟು ಇಬ್ಬರೂ ಹೋದೆವು. ಕೈಗೆ ಅಂಟಿದ ಶುಂಠಿ ಮಣ್ಣು ಎಷ್ಟು ತೊಳೆದರೂ ಹೋಗಿರಲಿಲ್ಲ. ಸೆರಗಿನಲ್ಲಿ ಕೈ ಸುತ್ತಿಕೊಂಡು ಬಾಗಿಲ ಹತ್ತಿರ ನಿಂತೆ. ಒಳಗೆ ಕುರ್ಚಿಗಳಿದ್ದವು. ಒಂದರಲ್ಲಿ ಮೇಷ್ಟ್ರು, ಇನ್ನೊಂದರಲ್ಲಿ ಶಿವನಂಜಪ್ಪ. ಉಳಿದವು ಖಾಲಿ ಇದ್ದವು. ಕೂತುಕೊಳ್ಳಿ ಅಂತ ಯಾರೂ ಅನ್ನಲಿಲ್ಲ. ಕೆಂಪಯ್ಯ ಜಗಲಿಯ ಕೆಳಗೇ ನಿಂತ.

ಪರೀಕ್ಷೆ ಮಾಡುವವರು ಬಂದರು. ಬಂದದ್ದು ಬಿಳಿ ಜೀಪಿನಲ್ಲಿ.

ಚಿನ್ನು ಕಿಟಕಿಯಿಂದ ನೋಡಿದಳು. ನನ್ನ ಕಡೆ ತಿರುಗಿದಳು. ಅವಳ ಮುಖ ಕಲ್ಲಾದದ್ದನ್ನು ನಾನು ಕಣ್ಣಾರೆ ಕಂಡೆ.

ಇಳಿದು ಬಂದವಳು ಒಬ್ಬ ಹುಡುಗಿ. ಶಾಂತಲಾ ಮೇಡಂ ಅಂತ ಮೇಷ್ಟ್ರು ಹೇಳಿದರು. ಕೆಟ್ಟವಳಲ್ಲ. ಮುಖದ ತುಂಬ ಸುಸ್ತಿತ್ತು, ಬೆಳಗಿನಿಂದ ಇದೇ ಕೆಲಸ, ಇನ್ನೂ ಬೇಕಾದಷ್ಟು ಸ್ಕೂಲು ಬಾಕಿ ಅಂತ ಹೇಳಿಕೊಂಡಳು. ಕತ್ತಿನಲ್ಲಿ ಕಾರ್ಡು ನೇತಾಡುತ್ತಿತ್ತು. ಕೈಯಲ್ಲಿ ಪೆನ್ನು. ಚಿನ್ನುವಿನ ಎದುರಿಗೆ ಕೂತು ನಗುತ್ತಾ ಕೇಳಿದಳು.

"ಪುಟ್ಟಾ, ನಿನ್ನ ಹೆಸರೇನು?"

ಚಿನ್ನು ನೆಲ ನೋಡುತ್ತಾ ಕೂತಳು.

"ಅಪ್ಪನ ಹೆಸರೇನು? ಯಾವ ಊರು ನಿಮ್ಮದು?"

ಅಯ್ಯೋ ನನ್ನ ಕರ್ಮವೇ! ಬೇರೆ ಏನನ್ನಾದರೂ ಕೇಳಬಾರದಾಗಿತ್ತೇ. ಹೇಳಬೇಡ ಅಂತ ಹೇಳಿಕೊಟ್ಟದ್ದನ್ನೇ ಸಾಲಾಗಿ ಕೇಳಿದಳು. ಶಿವನಂಜಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು ಇವಳನ್ನೇ ನೋಡುತ್ತಿದ್ದ. ಅವನ ಕಣ್ಣೆದುರಿಗೆ ಇವಳು ಬಾಯಿ ಬಿಡುತ್ತಾಳೆಯೇ?

ಆಮೇಲೆ ಚಿತ್ರದ ಕಾರ್ಡುಗಳು. ಹಡಗು, ಫ್ರಿಜ್ಜು, ಹುಟ್ಟುಹಬ್ಬದ ಕೇಕು, ಪಾರ್ಕಿನ ಜಾರುಬಂಡೆ. ಇದೇನು, ಇದೇನು ಅಂತ ಕೇಳುತ್ತಾ ಹೋದಳು. ಚಿನ್ನು ಕಣ್ಣು ಎತ್ತಿ ಪ್ರತಿಯೊಂದನ್ನೂ ನೋಡಿದಳು. ತುಟಿ ಅಲ್ಲಾಡಲಿಲ್ಲ. ಮೇಡಂ ಹಿಂದಕ್ಕೆ ಹೋಗಿ "ಚಿನ್ನು, ಚಿನ್ನೂ" ಅಂತ ಕರೆದಳು. ತಿರುಗಲಿಲ್ಲ. ಕೊನೆಗೆ ಮಧ್ಯಾಹ್ನದ ಊಟದ ಸ್ಟೀಲ್ ತಟ್ಟೆಯೊಂದನ್ನು ತರಿಸಿ, ಅವಳ ಬೆನ್ನ ಹಿಂದೆ ನೆಲಕ್ಕೆ ಬಿಟ್ಟಳು. ನಾನೇ ಬೆಚ್ಚಿಬಿದ್ದೆ. ಮೇಷ್ಟ್ರು ಬೆಚ್ಚಿದರು. ನನ್ನ ಮಗಳ ಕೂದಲು ಕೂಡ ಅಲ್ಲಾಡಲಿಲ್ಲ.

"ಕಿವಿನೂ ಅನುಮಾನ," ಅಂತ ಮೇಡಂ ಮೇಷ್ಟ್ರಿಗೆ ಹೇಳಿ ಬರೆದುಕೊಂಡಳು. ಆಮೇಲೆ ನನ್ನನ್ನು ಕರೆದಳು.

"ಮನೇಲಿ ಮಾತಾಡ್ತಾಳಾ?"

"ಬೇಜಾನ್ ಮಾತಾಡ್ತಾಳೆ ಮೇಡಂ. ಅಮ್ಮಿಣಿ ಚೇಚಿ ಜೊತೆ ಅವ್ಳ ಮಾತು, ಜಾರ್ಖಂಡ್ ಐಕ್ಳ ಜೊತೆ ಅವ್ರ ಮಾತು, ನಮ್ ಜೊತೆ ನಮ್ ಮಾತು."

"ಅದೇ ಪ್ರಾಬ್ಲಮ್ಮು ಕಣಮ್ಮ. ಎಲ್ಲ ಕಲಸುಮೇಲೋಗರ ಆಗಿದೆ. ಒಂದು ಭಾಷೆನೂ ನೆಟ್ಟಗೆ ಬರ್ತಿಲ್ಲ ಅಂತ ಅರ್ಥ. ಕನ್ನಡದಲ್ಲಿ ಎಷ್ಟು ಮಾತು ಬರ್ತದೆ, ಅದು ಹೇಳಿ. ನಮ್ಮ ಕಾರ್ಡು ಕನ್ನಡದ್ದು, ಬೇರೆ ಭಾಷೇದು ಲೆಕ್ಕಕ್ಕೆ ಬರಲ್ಲ."

ನನಗೆ ಮೈ ಉರಿಯಿತು. ಶಿವನಂಜಪ್ಪನ ಮೊಮ್ಮಗ ಹುಣಸೂರಿನ ಕಾನ್ವೆಂಟಿಗೆ ಹೋಗುತ್ತಾನೆ. ಅರ್ಧ ಇಂಗ್ಲಿಷು ಅರ್ಧ ಕನ್ನಡ ಆಡುತ್ತಾನೆ. ಊರೆಲ್ಲ ಅವನ ಕೆನ್ನೆ ಹಿಂಡಿ ಎಂಥ ಜಾಣ ಅನ್ನುತ್ತದೆ. ಅವನ ಬಾಯಲ್ಲಿ ಎರಡು ಸೇರಿದರೆ ಜಾಣತನ, ನನ್ನ ಮಗಳು ಮೂರನ್ನು ಬೇರೆ ಬೇರೆ ಇಟ್ಟುಕೊಂಡು ಆಡಿದರೆ ಕಲಸುಮೇಲೋಗರ. ಯಾವ ಊರಿನ ನ್ಯಾಯ ಇದು? ಇದೊಂದೂ ಬಾಯಿಗೆ ಬರಲಿಲ್ಲ. ಶಿವನಂಜಪ್ಪ ಅಲ್ಲೇ ಕೂತಿದ್ದ.

ಮೇಡಂ ಮೆಲ್ಲಗೆ, ಜ್ವರ ಬಂದವರಿಗೆ ಹೇಳುವ ಹಾಗೆ ಹೇಳಿದಳು. "ಮಗೂಗೆ ಮಾತಿನ ಬೆಳವಣಿಗೆ ಆಗಿಲ್ಲ. ಬುದ್ಧಿ ಬೆಳವಣಿಗೆನೂ ವಯಸ್ಸಿಗೆ ತಕ್ಕಂಗಿಲ್ಲ. ಇಲ್ಲಿ ಕೂರಿಸಿ ಪ್ರಯೋಜನ ಇಲ್ಲ. ಮೈಸೂರಲ್ಲಿ ಇಂಥ ಮಕ್ಕಳ ವಸತಿ ಶಾಲೆ ಇದೆ. ಅಲ್ಲೇ ಇರಬೇಕಾಗ್ತದೆ. ನಾನು ಬರೆದುಕೊಡ್ತೀನಿ, ನೀವು ಸೈನ್ ಮಾಡಿ."

ಮೈಸೂರು! ಯಾವ ಮೈಸೂರಿಗೆ ಹೋಗಬಾರದು ಅಂತ ಆ ಮಗು ಉಸಿರು ಕಟ್ಟಿ ಕೂತಿತ್ತೋ, ಉಸಿರು ಕಟ್ಟಿ ಕೂತದ್ದಕ್ಕೇ ಅಲ್ಲಿಗೆ ಕಳಿಸುತ್ತೇವೆ ಅನ್ನುತ್ತಿದ್ದರು.

ಶಿವನಂಜಪ್ಪ ಬಾಯಿ ಹಾಕಿದ. "ಒಳ್ಳೇದೇ ಆಯ್ತಲ್ಲಮ್ಮಿ. ಊಟ ಬಟ್ಟೆ ಎಲ್ಲಾ ಸರ್ಕಾರದ್ದೇ. ಮೂಗೀನ ಮನೇಲಿಟ್ಕಂಡು ಏನ್ ಮಾಡಿಯೆ? ನೀನೂ ನಿಶ್ಚಿಂತೆಯಾಗಿ ಕೆಲ್ಸ ಮಾಡ್ಬೌದು. ಉಂಡ್ಕಂಡು ಬಂದು ಸೈನ್ ಹಾಕು."

ಮೂಗಿ ಅಂದ. ಚುರುಕು ಅಂದ ಬಾಯಲ್ಲೇ ಮೂಗಿ ಅಂದ.

ಊಟದ ಗಂಟೆ ಹೊಡೆಯಿತು. ಚಿನ್ನುವನ್ನು ಎತ್ತಿಕೊಂಡು ಸ್ಕೂಲಿನ ಹಿಂದಕ್ಕೆ, ಹೊಂಗೆ ಮರದ ಕೆಳಗೆ ಹೋದೆ. ಕೆಂಪಯ್ಯ ಹಿಂದೆಯೇ ಬಂದ. ಯಾರೂ ಇಲ್ಲ ಅಂತ ಸುತ್ತ ನೋಡಿಕೊಂಡು ಚಿನ್ನು ನನ್ನ ಕಿವಿಗೆ ಬಾಯಿ ಇಟ್ಟಳು.

"ಅವ್ವಾ, ಜೀಪು ಓಯ್ತಾ?"

"ಇನ್ನೂ ಇಲ್ಲ ಕಣವ್ವ."

"ಅದ್ರಲ್ಲಿ ಕಪ್ಪಲ್ ಇತ್ತು. ಚೇಚಿ ಫೋನಲ್ಲಿ ತೋರ್ಸಿದ್ಲಲ್ಲ, ನೀರ್ ಮ್ಯಾಲೆ ಓಯ್ತದಲ್ಲ, ಅದು. ಆಮೇಲೆ ಕೇಕು ಇತ್ತು. ಜಾರಾಟ ಆಡೋದು ಇತ್ತು. ಬಿಳೀದು ಬೀರು ಇತ್ತು, ಒಳಗೆ ಆಲು, ಮೊಟ್ಟೆ ಎಲ್ಲ ಮಡಗಿದ್ರು." ಒಂದೇ ಉಸಿರಿಗೆ ಪಿಸುಗುಟ್ಟಿದಳು. ಕಣ್ಣು ಮಿನುಗುತ್ತಿತ್ತು. "ಆ ಅಕ್ಕ ಇಂದ್ಗಡೆಯಿಂದ ತಟ್ಟೆ ಬೀಳ್ಸುದ್ಲು. ನಾ ಅಲ್ಲಾಡ್ನೇ ಇಲ್ಲ ಗೊತ್ತಾ? ಅವ್ವಾ, ಯಜಮಾನ್ರು ಬಿಸ್ಕತ್ತು ಕೊಡ್ತಾರಾ?"

ಅವಳನ್ನು ತಬ್ಬಿಕೊಂಡು ಮರಕ್ಕೆ ತಲೆ ಚಚ್ಚಿಕೊಂಡೆ. ಎಂಥ ಮಗುವನ್ನು ಎಂಥ ಜಾಗದಲ್ಲಿ ಹೆತ್ತೆನಪ್ಪಾ ಅಂತ ಅತ್ತೆ. ಅವಳು ಪರೀಕ್ಷೆಯಲ್ಲಿ ಸೋತಿರಲಿಲ್ಲ. ಶಿವನಂಜಪ್ಪನ ಪರೀಕ್ಷೆಯಲ್ಲಿ ಗೆದ್ದು ಬಂದಿದ್ದಳು.

ಕಣ್ಣು ಒರೆಸಿಕೊಂಡು ಎದ್ದೆ. "ಓಗಿ ಎಲ್ಲಾ ಏಳ್ಬುಡ್ತೀನಿ," ಅಂದೆ.

ಕೆಂಪಯ್ಯ ನನ್ನ ರಟ್ಟೆ ಹಿಡಿದ. "ಏನಂತ ಏಳೀಯೆ? ಜೀಪಿನ ಇಚಾರ ಎತ್ತಬ್ಯಾಡ ಕಣಮ್ಮಿ, ನಿನ್ ಕಾಲ್ ಹಿಡ್ಕತೀನಿ. ಮಕ್ಳನ್ನ ವಲ್ದಲ್ಲಿ ಮಡಿಕಂಡಿದ್ರು ಅಂದ್ರೆ ಕೇಸಾಯ್ತದೆ. ಅವ್ನು ನಮ್ಮನ್ನ ಉಳಿಸಾನಾ? ಸಂಜೀಗೆ ಶೆಡ್ ಕಿತ್ತಾಕ್ತಾನೆ. ಎಲ್ಲಿಗೋಗಾವ?"

"ಮಗೀನ ಕಳ್ಸುದ್ರೆ ಆಯ್ತಾ ನಿಂಗೆ?"

"ಸತ್ತೋಯ್ತಾಳಾ? ಅನ್ನ ಆಕ್ತಾರೆ, ಬಟ್ಟೆ ಕೊಡ್ತಾರೆ. ರಜಕ್ಕೆ ಬತ್ತಾಳೆ." ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಮಂಗ್ಳ, ನಮ್ಕೈಲಿ ಏನಾಯ್ತದೆ ಏಳು."

ಅವನ ಮೇಲೂ ಸಿಟ್ಟು ಬಂತು, ಅಯ್ಯೋ ಅಂತಲೂ ಅನ್ನಿಸಿತು. ಚೀಲ ಹೊತ್ತು ಹೊತ್ತು ಅವನ ಕತ್ತು ಒಂದು ಕಡೆಗೆ ವಾಲಿದೆ. ಆ ಕತ್ತನ್ನು ಅವನು ಯಾರ ಮುಂದೆಯೂ ಎತ್ತಿದ್ದನ್ನು ನಾನು ನೋಡಿಲ್ಲ. ಕೈ ಬಿಡಿಸಿಕೊಂಡು, ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋದೆ. ಬಾಗಿಲ ಹತ್ತಿರ ನಿಲ್ಲಲಿಲ್ಲ. ಖಾಲಿ ಕುರ್ಚಿ ಎಳೆದುಕೊಂಡು ಮೇಡಂ ಎದುರಿಗೆ ಕೂತೆ. ಮೇಷ್ಟ್ರು ಶಿವನಂಜಪ್ಪನ ಮುಖ ನೋಡಿದರು. ಶಿವನಂಜಪ್ಪ ಕಾಲು ಕೆಳಗಿಳಿಸಿದ.

ಕಾಗದ ಸಿದ್ಧವಾಗಿತ್ತು. ಮೇಡಂ ಪೆನ್ನು ಕೊಟ್ಟಳು.

"ನಾನು ಸೈನ್ ಆಕಕಿಲ್ಲ," ಅಂದೆ.

"ಯಾಕಮ್ಮ?"

"ನನ್ ಮಗ್ಳು ಮೂಗಿ ಅಲ್ಲ. ಅವ್ಳ ಬಾಯಿಗೆ ಬೀಗ ಹಾಕವ್ರೆ. ಬೀಗ ಹಾಕ್ದೋರು ನಿಮ್ ಮಗ್ಲಲ್ಲೇ ಕೂತವ್ರೆ."

ಅಲ್ಲಿಗೆ ಶುರುವಾಯಿತು. ಎಲ್ಲ ಹೇಳಿದೆ. ಗೊಬ್ಬರದ ಚೀಲ, ಟಾರ್ಪಾಲು, ಡ್ರಮ್ಮು, ದೊಣ್ಣೆ, ಬಿಸ್ಕತ್ತು. ಜೀಪಿನವರು ಹೆಸರು ಕೇಳಿದರೆ ಹೇಳಬಾರದು ಅಂತ ಕಲಿಸಿದ್ದು. ಸದ್ದಿಗೆ ಬೆಚ್ಚಬಾರದು ಅಂತ ಹೊಡೆದದ್ದು. "ಈಗ ಮರದ್ ಕೆಳಗೆ ನಿಮ್ ಕಾರ್ಡಲ್ಲಿರೋದ್ನೆಲ್ಲ ಏಳುದ್ಲು ಮೇಡಂ. ಹಡಗಿಗೆ ಅವ್ಳಿಗೆ ಚೇಚಿ ಹೇಳ್ಕೊಟ್ಟ ಹೆಸ್ರು ಗೊತ್ತು. ಫ್ರಿಜ್ಜಿಗೆ ಹೆಸ್ರು ಗೊತ್ತಿಲ್ಲ, ನಮ್ಮನೇಲಿ ಎಲ್ಲೈತೆ ಫ್ರಿಜ್ಜು? ಒಳಗೆ ಏನೇನು ಮಡಗ್ತಾರೆ ಅಂತ ಏಳುದ್ಲು."

ಮೇಡಂ ಪೆನ್ನು ಕೆಳಗಿಟ್ಟಳು. ಒಂದು ಗಳಿಗೆ, ನನ್ನ ಮಾತು ಅವಳ ಕಿವಿಗೆ ಬಿತ್ತು ಅಂದುಕೊಂಡೆ. "ಹೌದಾ ಸರ್?" ಅಂತ ಶಿವನಂಜಪ್ಪನ ಕಡೆ ತಿರುಗಿದಳು.

ಅವನು ನಕ್ಕ. "ನನ್ ಹೊಲದಲ್ಲಿ ಮಕ್ಳೇ ಇಲ್ವಲ್ಲ ಮೇಡಂ. ನೀವೇ ಬಂದು ನೋಡಿ ಬೇಕಾದ್ರೆ. ಹೆತ್ ಹೊಟ್ಟೆ ಅಲ್ವಾ, ಏನೇನೋ ಮಾತಾಡ್ತವ್ಳೆ." ಹೊರಗೆ ನಿಂತಿದ್ದ ಕೆಂಪಯ್ಯನನ್ನು ಕೂಗಿದ. "ಏಳ್ಲಾ ಕೆಂಪಾ. ನಿನ್ ಮಗ್ಳು ಮಾತಾಡ್ತಾಳಾ?"

ಕೆಂಪಯ್ಯ ಜಗಲಿಯಿಂದ ಒಂದು ಮೆಟ್ಟಿಲೂ ಮೇಲೆ ಬರಲಿಲ್ಲ. ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದ.

"ಮಾತು... ಕಮ್ಮಿ ಯಜಮಾನ್ರೆ."

"ಜೋರಾಗಿ ಏಳ್ಲಾ, ಮೇಡಂಗೆ ಕೇಳ್ಲಿ."

"ಇಲ್ಲ ಯಜಮಾನ್ರೆ. ಆಡಕಿಲ್ಲ."

ನಾನು ಅವನನ್ನು ನೋಡಿದೆ. ಅವನು ನನ್ನನ್ನು ನೋಡಲಿಲ್ಲ. ಅವತ್ತೇ ಸಂಜೆ ನಮ್ಮ ಟಾರ್ಪಾಲು, ಪಾತ್ರೆ ಎಲ್ಲ ರಸ್ತೆಗೆ ಬಿದ್ದವು. ಹಾಗೆ ಹೇಳಿದ್ದಕ್ಕೆ ಅವನಿಗೆ ಸಿಕ್ಕಿದ್ದು ಅಷ್ಟೇ. ಅದು ಆಮೇಲಿನ ಮಾತು.

ಮೇಡಂ ನಿಟ್ಟುಸಿರು ಬಿಟ್ಟಳು. "ತಾಯಂದಿರಿಗೆ ಒಪ್ಪಿಕೊಳ್ಳೋದು ಕಷ್ಟ ಆಗ್ತದೆ ಕಣಮ್ಮ. ದಿನಾ ನೋಡ್ತೀನಿ. ಮಾತಾಡ್ತಾಳೆ ಅಂದ್ರೆ ಈಗ ಒಂದು ಮಾತು ಆಡಿಸಿ, ನಾನು ಕಾಗದ ಹರಿದು ಹಾಕ್ತೀನಿ."

ಚಿನ್ನುವನ್ನು ಮೇಜಿನ ಮೇಲೆ ಕೂರಿಸಿದೆ. ಅವಳ ಎರಡೂ ಕೆನ್ನೆ ಹಿಡಿದುಕೊಂಡೆ.

"ಮಾತಾಡವ್ವ. ನಿನ್ ಹೆಸ್ರು ಏಳು. ಏನೂ ಆಗಕಿಲ್ಲ. ನಾನಿವ್ನಿ."

ಅವಳು ನನ್ನನ್ನು ನೋಡಿದಳು. ಕಿಟಕಿಯಾಚೆ ನೋಡಿದಳು. ಜೀಪು ಅಲ್ಲೇ ನಿಂತಿತ್ತು. ಶಿವನಂಜಪ್ಪನನ್ನು ನೋಡಿದಳು. ಅವನು ಬೆರಳಿನಿಂದ ಕುರ್ಚಿಯ ಕೈ ಕುಟ್ಟುತ್ತಿದ್ದ. ಅವಳ ಮುಖ ಮತ್ತೆ ಕಲ್ಲಾಯಿತು.

"ನಿನ್ ದಮ್ಮಯ್ಯ ಕಣೆ, ಒಂದ್ ಮಾತು ಆಡೇ. ಅವ್ವಾ ಅನ್ನೇ. ಚೇಚಿ ಮಾತಾದ್ರೂ ಆಡೇ. ಯಾವ್ದಾರಾ ಆಡೇ!"

ಅವಳ ಭುಜ ಹಿಡಿದು ಅಲುಗಾಡಿಸಿದೆ. ಅವಳ ಕಣ್ಣಿನಲ್ಲಿ ನೀರು ತುಂಬಿ ಕೆನ್ನೆಯ ಮೇಲೆ ಇಳಿಯಿತು. ಅಳುವಿನ ಸದ್ದೂ ಬರಲಿಲ್ಲ. ಆ ಮಗು ಸದ್ದಿಲ್ಲದೆ ಅಳುವುದನ್ನೂ ಕಲಿತಿತ್ತು.

ಮೇಷ್ಟ್ರು, "ಸಾಕು ಬಿಡ್ರಮ್ಮ, ಮಗೂನ ಹಿಂಸೆ ಮಾಡ್ಬೇಡಿ" ಅಂದರು. ಮೇಡಂ ಪೆನ್ನು ತೆಗೆದುಕೊಂಡಳು. ಶಿವನಂಜಪ್ಪ, "ತಾಯಿಗೂ ಒಂದ್ಚೂರು ಇದೆ ಅನ್ಸುತ್ತೆ" ಅಂತ ತಲೆಯ ಕಡೆ ಬೆರಳು ತೋರಿಸಿದ.

ನನಗೆ ಮೈ ಮೇಲೆ ಪ್ರಜ್ಞೆ ಉಳಿಯಲಿಲ್ಲ. ಎದ್ದು ನಿಂತು ಕಿರುಚಿದೆ.

"ಥೂ ನಿನ್ ಜನ್ಮಕ್ಕೆ! ನಿನ್ ಕೇಸು ಉಳೀಲಿ ಅಂತ ನನ್ ಮಗ್ಳ ನಾಲ್ಗೆ ತಿಂದ್ಯಲ್ಲೋ! ದೊಣ್ಣೆ ಹಿಡ್ಕಂಡು ಬಾಯಿ ಮುಚ್ಚು ಅಂದೋನು ನೀನು, ಈಗ ಮೂಗಿ ಅನ್ನೋನೂ ನೀನೇ! ಮೇಡಂ, ಬನ್ನಿ ನನ್ ಜೊತೆ, ಈಗ್ಲೇ ಬನ್ನಿ, ಚೀಲ ಸರ್ಸಿ ತೋರುಸ್ತೀನಿ, ಇವತ್ತೂ ಐಕ್ಳು ಅವೆ ಅಲ್ಲಿ, ಒಂದೊಂದೇ ಎತ್ತಿ..."

ಅಷ್ಟರಲ್ಲಿ ಏನೋ ಬಂದು ನನ್ನ ಬಾಯಿಗೆ ಬಡಿಯಿತು.

ಚಿನ್ನು ಮೇಜಿನ ಮೇಲೆ ಎದ್ದು ನಿಂತಿದ್ದಳು. ಒಂದು ಕೈಯಿಂದ ನನ್ನ ಕತ್ತು ತಬ್ಬಿಕೊಂಡಿದ್ದಳು. ಇನ್ನೊಂದು ಕೈಯಿಂದ ನನ್ನ ಬಾಯಿ ಮುಚ್ಚಿದ್ದಳು. ಪುಟ್ಟ ಅಂಗೈ, ಇದ್ದ ಬಲವನ್ನೆಲ್ಲ ಹಾಕಿ ಒತ್ತುತ್ತಿದ್ದಳು. ನನ್ನ ತುಟಿ ಹಲ್ಲಿಗೆ ತಾಗಿ ರಕ್ತ ಬಂತು. ಕಣ್ಣು ಅಗಲ ಮಾಡಿ ತಲೆ ಅಲ್ಲಾಡಿಸುತ್ತಿದ್ದಳು, ಬೇಡ ಬೇಡ ಅಂತ. ಜೀಪಿನವರು ನನ್ನನ್ನು ಹತ್ತಿಸಿಕೊಂಡು ಹೋಗುತ್ತಾರೆ ಅಂತ ಅವಳಿಗೆ ಭಯ. ನನ್ನನ್ನು ಉಳಿಸಿಕೊಳ್ಳಲು ಅವಳಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

"ನೋಡಿದ್ರಾ ಮೇಡಂ, ತಾಯಿಗೇ ಹೊ‌ಡೀತಾಳೆ," ಅಂದರು ಮೇಷ್ಟ್ರು.

ಮೇಡಂ ಅದನ್ನೂ ಬರೆದುಕೊಂಡಳು.

ನಾನು ಆ ಕೈ ಹಿಡಿದೆ. ಮೆಲ್ಲಗೆ ಬಾಯಿಂದ ತೆಗೆದೆ. ಅವಳು ಮತ್ತೆ ತಂದು ಒತ್ತಿದಳು. ಮತ್ತೆ ತೆಗೆದೆ. ಈ ಸಲ ಬಿಡದೆ ನನ್ನ ಎದೆಗೆ ಒತ್ತಿ ಹಿಡಿದುಕೊಂಡು, ರಕ್ತ ನುಂಗಿ, ಚೀಲದ ಹಿಂದೆ ಇರುವ ಮಕ್ಕಳ ಹೆಸರುಗಳನ್ನು ಒಂದೊಂದಾಗಿ, ಹೊರಗೆ ಜೀಪಿನಲ್ಲಿ ಕೂತಿದ್ದ ಡ್ರೈವರಿಗೂ ಕೇಳುವ ಹಾಗೆ ಹೇಳತೊಡಗಿದೆ.